ಅಣ್ಣುವಿನ ಬತಾಕದಲ್ಲಿ ಆಡಿದವನು

ಅಣ್ಣು ಎಂದು ಕರೆದೆ. ಯಾರೂ ಏಳಲಿಲ್ಲ. ಸ್ವರ ಏರಿಸಿ ಮತ್ತೊಮ್ಮೆ ಕರೆದೆ, ಇನ್ನೊಮ್ಮೆ ಕರೆದೆ. ಪ್ಲಾಸ್ಟರ್ ರೂಮಿನ ಹೊರಗಿನ ಬೆಂಚಿನಲ್ಲಿ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕುಳಿತಿದ್ದ ಹುಡುಗನೊಬ್ಬ ನನ್ನ ಮುಖವನ್ನೇ ನೋಡುತ್ತಿದ್ದ, ಆದರೆ ಜಾಗ ಬಿಟ್ಟು ಕದಲಲಿಲ್ಲ. ಪಕ್ಕದಲ್ಲಿದ್ದ ಬಿಳಿ ಪ್ಯಾಂಟಿನ ಮನುಷ್ಯ ಮೊಣಕೈಯಿಂದ ತಿವಿದ ಮೇಲೆ ದಡಬಡ ಎದ್ದು ಬಂದ. ಶುಕ್ರವಾರ ಮಧ್ಯಾಹ್ನ. ದೋಹಾದಲ್ಲಿ ಶುಕ್ರವಾರವೆಂದರೆ ರಜೆ, ರಜೆಯೆಂದರೆ ಕ್ರಿಕೆಟ್, ಕ್ರಿಕೆಟ್ ಎಂದರೆ ನನ್ನ ಡ್ಯೂಟಿಯಲ್ಲಿ ಊದಿದ ಬೆರಳುಗಳ ಸಾಲು. ನಿಂತು ನಿಂತು ನನ್ನ ಕಾಲು ಬಿದ್ದುಹೋಗಿತ್ತು. ಕಿವಿ ಕೇಳುವುದಿಲ್ಲವೇ, ನಿನ್ನನ್ನು ಕರೆಯಲು ಬ್ಯಾಂಡು ತರಿಸಬೇಕೇ ಎಂದು ಅವನಿಗೆ ಬೈದೆ.

ಅದು ತೊಂಬತ್ತಮೂರನೇ ಇಸವಿ. ನಾನು ಪ್ಯಾಟ್ರಿಷಿಯಾ, ಮೂಡಬಿದ್ರೆ ಕಡೆಯವಳು, ಇಲ್ಲಿನ ದೊಡ್ಡ ಆಸ್ಪತ್ರೆಯ ಎಲುಬಿನ ವಿಭಾಗದಲ್ಲಿ ನರ್ಸು. ಮನೆಯಲ್ಲಿ ಮಾತು ಕೊಂಕಣಿ, ರೋಗಿಗಳ ಹತ್ತಿರ ಹಿಂದಿ, ಮಲಯಾಳಂ, ಮುರುಕು ಅರಬ್ಬಿ. ಸಿಟ್ಟು ಬಂದರೆ ಮಾತ್ರ ಬಾಯಿಗೆ ಬರುವುದು ಕನ್ನಡ. ನಮ್ಮ ಕನ್ನಡ ಶಾಲೆಯ ಮಹಿಮೆ. ಆದ್ದರಿಂದ ಈ ಕಥೆಯನ್ನೂ ಕನ್ನಡದಲ್ಲೇ ಹೇಳುತ್ತಿದ್ದೇನೆ.

ಅಣ್ಣು ಎಂಬ ಹೆಸರು ನಮ್ಮ ತುಳುನಾಡು ಬಿಟ್ಟರೆ ಬೇರೆಲ್ಲೂ ಇಲ್ಲ. ಊರಿನ ಹುಡುಗ, ಸುಮ್ಮನೆ ಬೈದೆನಲ್ಲ ಎನಿಸಿ, ಏನಾಯಿತು ಮಗಾ ಎಂದು ತುಳುವಿನಲ್ಲಿ ಕೇಳಿದೆ. ಅವನು ಗೋಡೆ ನೋಡಿದ. ಇನ್ನೊಮ್ಮೆ ಕೇಳಿದೆ. ಆಗ ಅವನ ಬಾಯಿಂದ ಬಂದದ್ದು, “ಚೆಂಡು ಬಡೀತ್ರೀ ಸಿಸ್ಟರ್.” ಅಣ್ಣುವಂತೆ, ತುಳು ಬರುವುದಿಲ್ಲವಂತೆ! ಅಂಗಿಯ ಮೇಲಿನ ಗುಂಡಿ ಬಿಚ್ಚಿದ್ದಲ್ಲಿ ಲಿಂಗದ ಬೆಳ್ಳಿ ಕರಡಿಗೆ ಕಾಣುತ್ತಿತ್ತು. ನನ್ನ ಯೂನಿಫಾರ್ಮಿನ ಒಳಗೂ ಯಾರಿಗೂ ಕಾಣದಂತೆ ಶಿಲುಬೆ ಇತ್ತು, ಅದು ಬೇರೆ ಮಾತು. ನೀನು ಯಾರು ಎಂದು ಕೇಳಿದೆ. ಅವನು ಬಿಳಿ ಪ್ಯಾಂಟಿನವನ ಕಡೆ ನೋಡಿದ.

ಬಿಳಿ ಪ್ಯಾಂಟಿನವನು ವಿಜಯಕುಮಾರ. ಹುಬ್ಬಳ್ಳಿಯ ಇಂಜಿನಿಯರು, ಒಂದು ಕಟ್ಟಡ ಕಂಪೆನಿಯಲ್ಲಿ ಸೈಟ್ ಮ್ಯಾನೇಜರು, ಆ ಕಂಪೆನಿಯ ಕ್ರಿಕೆಟ್ ಟೀಮಿಗೆ ಕ್ಯಾಪ್ಟನ್. ನಗುತ್ತಾ ಒಳಗೆ ಬಂದು, ನೀವು ಲೆಸ್ಲಿ ಅವರ ಮಿಸೆಸ್ ಅಲ್ಲವೇ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎಂದ. ಲೆಸ್ಲಿ ನನ್ನ ಗಂಡ. ಹಗಲು ಬಿಡಿಭಾಗದ ಅಂಗಡಿಯೊಂದರಲ್ಲಿ ಅಕೌಂಟೆಂಟು, ಉಳಿದ ಹೊತ್ತೆಲ್ಲ ಕ್ರಿಕೆಟ್ ಕಮಿಟಿಯ ಸೆಕ್ರೆಟರಿ, ಶುಕ್ರವಾರ ಅಂಪಾಯರು. ಆ ಹೆಸರು ಹೇಳಿದರೆ ನಾನು ಕರಗುತ್ತೇನೆ ಎಂದು ಈ ಮನುಷ್ಯ ತಿಳಿದಿದ್ದ. ನನಗೆ ಮಂಡೆ ಬಿಸಿಯಾಯಿತು. ಬೇರೆಯವರ ಹೆಲ್ತ್ ಕಾರ್ಡ್ ಹಿಡಿದುಕೊಂಡು ಬಂದಿದ್ದಾರೆ ಎಂದು ಹೇಳಲು ನನಗೆ ಒಂದು ಫೋನು ಸಾಕಿತ್ತು. ಆದರೆ ಹೇಳಿದರೆ ವಿಮಾನ ಹತ್ತುವವನು ಬಿಳಿ ಪ್ಯಾಂಟಿನವನಲ್ಲ, ಊದಿದ ಬೆರಳಿನವನು. ಅಷ್ಟು ನನಗೆ ಗೊತ್ತಿತ್ತು. ಹಲ್ಲು ಕಚ್ಚಿ ಬೆರಳು ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದೆ. ಎಳೆಯುವಾಗ ಹುಡುಗ ಉಸಿರೂ ಬಿಡಲಿಲ್ಲ. ಕ್ಯಾಚ್ ಹಿಡಿದೆಯಾ ಇಲ್ಲವಾ ಎಂದು ಕೇಳಿದ್ದಕ್ಕೆ ಮಾತ್ರ ಮುಖ ಅರಳಿತು. ಹಿಡಿದಿದ್ದನಂತೆ.

ಆ ಸಂಜೆ ದೋಹಾ ಅಲ್ ಜದೀದಾದ ನಮ್ಮ ಫ್ಲ್ಯಾಟಿನಲ್ಲಿ ಲೆಸ್ಲಿಯನ್ನು ನಿಲ್ಲಿಸಿ ಕೇಳಿದೆ. ಅವನು ಸಲೀಸಾಗಿ ಹೇಳಿಬಿಟ್ಟ, ಮೀನಿನ ಸಾರಿಗೆ ಹುಣಸೆ ಹಾಕಿದ್ದೀಯಾ ಎಂದು ಕೇಳುವ ಧಾಟಿಯಲ್ಲಿ. ಲೀಗಿನಲ್ಲಿ ಒಂದು ಕಂಪೆನಿಯ ಟೀಮಿಗೆ ಆಡಬೇಕಾದರೆ ಅದೇ ಕಂಪೆನಿಯ ವೀಸಾದಲ್ಲಿ ಇರಬೇಕು. ಪಂದ್ಯಕ್ಕೆ ಮುಂಚೆ ಎಲ್ಲರೂ ತಮ್ಮ ಗುರುತಿನ ಕಾರ್ಡು, ನಾವೆಲ್ಲ ಬತಾಕ ಎನ್ನುವುದು, ಅಂಪಾಯರಿಗೆ ತೋರಿಸಬೇಕು. ಈ ಹುಡುಗನ ಹೆಸರು ಈರಯ್ಯ, ಗುಳೇದಗುಡ್ಡದವನು. ವಿಜಯಕುಮಾರನ ಸೈಟಿನಲ್ಲೇ ಕೆಲಸ, ಆದರೆ ವೀಸಾ ಆಳು ಒದಗಿಸುವ ಬೇರೆ ಕಂಪೆನಿಯದ್ದು. ಆ ಸೈಟಿನ ಸ್ಟೋರ್ ಕೀಪರ್ ಅಣ್ಣುವಿಗೆ ಕ್ರಿಕೆಟ್ ಗೊತ್ತಿಲ್ಲ, ಆದರೆ ವೀಸಾ ಸರಿಯಿದೆ, ಮೀಸೆಯೂ ಈರಯ್ಯನ ಮೀಸೆಯ ಹಾಗೇ ಇದೆ. ಬತಾಕ ಅಣ್ಣುವಿನದ್ದು, ಕೈ ಈರಯ್ಯನದ್ದು. ಆದ್ದರಿಂದ ಪಂದ್ಯದಲ್ಲಿ ಏಟಾದರೆ ಆಸ್ಪತ್ರೆಯಲ್ಲೂ ಅಣ್ಣುವಿನದೇ ಕಾರ್ಡು. ಫೋಟೋ ನೋಡುವ ಅಂಪಾಯರು ಮೀಸೆ ನೋಡಿ ಬಿಡುತ್ತಾನೆ. ಎಲ್ಲ ಟೀಮಿನಲ್ಲೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ನೀನು ಯಾಕೆ ತಲೆಕೆಡಿಸಿಕೊಳ್ಳುತ್ತಿ ಎಂದ ನನ್ನ ಗಂಡ. ಆ ಫೋಟೋ ನೋಡುವ ಅಂಪಾಯರು ನೀನೇ ಅಲ್ಲವೇ ಎಂದು ಕೇಳಿದೆ. ಅವನು ಟೀವಿ ದೊಡ್ಡದು ಮಾಡಿದ.

ಪ್ಲಾಸ್ಟರ್ ತೆಗೆಸಲು ಬಂದ ದಿನ ಈರಯ್ಯ ಪೇಪರಿನಲ್ಲಿ ಸುತ್ತಿದ ಕರದಂಟು ತಂದಿದ್ದ. ಊರಿನಿಂದ ಯಾರೋ ಬಂದವರ ಕೈಯಲ್ಲಿ ಅವನ ಅವ್ವ ಯಮನವ್ವ ಕಳಿಸಿದ್ದು. ಸಿಸ್ಟರ್ ಎನ್ನುತ್ತಿದ್ದವನು ಅಂದಿನಿಂದ ಅಕ್ಕಾರ ಎಂದ. ಅವನ ಕೈಗಳನ್ನು ನಾನು ಸರಿಯಾಗಿ ನೋಡಿದ್ದು ಆಗ. ಸ್ಕಾಫೋಲ್ಡಿಂಗ್ ಕೆಲಸ ಅವನದ್ದು. ಏಳುವ ಕಟ್ಟಡದ ಸುತ್ತ ಕಬ್ಬಿಣದ ಪೈಪಿನ ಅಟ್ಟಣಿಗೆ ಕಟ್ಟುವವರು. ಪೈಪುಗಳನ್ನು ಬಿಗಿಯುವ ಕ್ಲ್ಯಾಂಪನ್ನು ಕೆಳಗಿನವನು ಮೇಲೆ ಎಸೆಯುತ್ತಾನೆ, ಮೇಲಿನವನು ಒಂದು ಕೈಯಲ್ಲಿ ಪೈಪು ಹಿಡಿದು ಇನ್ನೊಂದು ಕೈಯಲ್ಲಿ ಅದನ್ನು ಹಿಡಿಯುತ್ತಾನೆ. ಬಿಟ್ಟರೆ ಕೆಳಗಿನವನ ತಲೆ ಒಡೆಯುತ್ತದೆ. ಸೈಟಿನಲ್ಲಿ ಈರಯ್ಯ ಒಂದೂ ಬಿಟ್ಟಿರಲಿಲ್ಲ, ಅದನ್ನು ನೋಡಿಯೇ ವಿಜಯಕುಮಾರ ಅವನ ಕೈಗೆ ವಿಕೆಟ್ ಕೀಪರಿನ ಗ್ಲೌಸ್ ಕೊಟ್ಟದ್ದು. ಊರಿನಲ್ಲಿ ಅವನು ಆಡಿದ್ದು ರಬ್ಬರ್ ಚೆಂಡಿನಲ್ಲಿ, ಕಲ್ಲಿನ ಗಣಿಯ ಬಂಡೆಗೆ ಹೊಡೆದು ವಾಪಸು ಹಿಡಿಯುವ ಆಟ. ಕೀಪಿಂಗ್ ಎಂದರೆ ಕೂತು ಏಳುವ ಕೆಲಸ, ದಿನವೆಲ್ಲ ಬಿಸಿಲಲ್ಲಿ ಪೈಪು ಹೊತ್ತ ಮೈಗೆ ಅದೆಲ್ಲ ಏನು ಮಹಾ ಎಂದ.

ನಾನು ಮೈದಾನಕ್ಕೆ ಹೋಗಲು ಶುರುಮಾಡಿದ್ದು ಆಮೇಲೆ. ಮೊದಲು ಗಂಡನ ಕ್ರಿಕೆಟ್ ಎಂದರೆ ಮೂಗು ಮುರಿಯುತ್ತಿದ್ದವಳು ಡ್ಯೂಟಿ ಇಲ್ಲದ ಶುಕ್ರವಾರಗಳಲ್ಲಿ, ಬೆಳಿಗ್ಗೆ ಒಂದು ವಿಲ್ಲಾದ ಹಾಲ್‌ನಲ್ಲಿ ನಮ್ಮವರ ಪ್ರಾರ್ಥನೆ ಮುಗಿಸಿಕೊಂಡು, ಅವನ ಕಾರು ಹತ್ತಿದೆ. ಮೈದಾನ ಎಂದರೆ ಹುಲ್ಲು ಎಂದುಕೊಳ್ಳಬೇಡಿ. ಸಲ್ವಾ ರಸ್ತೆಯ ಆಚೆ ಜಲ್ಲಿ ಮಣ್ಣಿನ ಬಯಲು, ನಡುವೆ ಸಿಮೆಂಟಿನ ಪಟ್ಟಿ, ಅದರ ಮೇಲೆ ನಾರಿನ ಚಾಪೆ. ಬೌಂಡರಿಗೆ ಬಣ್ಣ ಬಳಿದ ಡಬ್ಬಗಳು. ಈರಯ್ಯನ ಟೀಮು ಸಿ ಡಿವಿಜನ್. ಅಲ್ಲಿ ಗೆದ್ದವರು ಬಿ ಡಿವಿಜನ್ನಿಗೆ, ಅಲ್ಲಿ ಗೆದ್ದವರು ಎ ಡಿವಿಜನ್ನಿಗೆ. ಚೆಂಡು ಚಾಪೆಯ ಮೇಲೆ ಬಿದ್ದು ಎಲ್ಲಿಗೆ ಏಳುತ್ತದೆ ಎಂದು ಎಸೆದವನಿಗೂ ಗೊತ್ತಿರುವುದಿಲ್ಲ. ಉಳಿದ ಕೀಪರುಗಳು ಜಾಣರ ಹಾಗೆ ಹತ್ತು ಮಾರು ಹಿಂದೆ ನಿಲ್ಲುತ್ತಿದ್ದರು. ಈರಯ್ಯ ವೇಗದ ಬೌಲರಿಗೂ ಸ್ಟಂಪಿನ ಬುಡದಲ್ಲೇ ಕೂರುತ್ತಿದ್ದ. ಬ್ಯಾಟಿನವನು ಹಿಮ್ಮಡಿ ಎತ್ತಿದನೋ, ಅದು ನೆಲ ಮುಟ್ಟುವ ಮೊದಲು ಬೇಲ್ಸ್ ಹಾರಿರುತ್ತಿತ್ತು. ಸದ್ದಿಲ್ಲ, ಕುಣಿತವಿಲ್ಲ, ತೊಡೆ ತಟ್ಟುವುದಿಲ್ಲ. ಕರಡಿಗೆಯನ್ನು ಬೆನ್ನಿನ ಕಡೆಗೆ ತಿರುಗಿಸಿ ಕಟ್ಟಿಕೊಂಡಿರುತ್ತಿದ್ದ, ಅಷ್ಟೆ. ನನಗೆ ಆಟ ಗೊತ್ತಿಲ್ಲ, ಆದರೆ ಕೈ ಗೊತ್ತು. ಜೀವಮಾನವಿಡೀ ಕೈಗಳನ್ನೇ ನೋಡಿದವಳು ನಾನು. ಆ ಕೈಗಳನ್ನು ನೋಡುತ್ತಾ ನನಗೆ ಸಂತೋಷವಾಗುತ್ತಿತ್ತು.

ಸಂತೋಷ ಹಾಳು ಮಾಡಲು ಅವರ ಬಾಯಿ ಇತ್ತಲ್ಲ. ಪ್ರತಿ ಕ್ಯಾಚಿಗೂ ಟೀಮಿಡೀ ಕೂಗುತ್ತಿತ್ತು, ಶಾಬಾಷ್ ಅಣ್ಣು. ಮೈದಾನದಲ್ಲಿ ಬಾಯಿ ತಪ್ಪಿ ನಿಜ ಹೆಸರು ಬರಬಾರದು ಎಂದು ವಿಜಯಕುಮಾರ ನೆಟ್ಸಿನಲ್ಲೂ ಅಣ್ಣು ಎಂದೇ ಕರೆಸುತ್ತಿದ್ದ. ಇಂಗ್ಲಿಷ್ ಪೇಪರಿನ ಮೂಲೆಯಲ್ಲಿ ಶನಿವಾರ ಲೀಗಿನ ಸ್ಕೋರು ಬರುತ್ತಿತ್ತು, ಅಲ್ಲೂ ಅಣ್ಣು. ಸಿ ಡಿವಿಜನ್ನಿನ ಅತ್ಯುತ್ತಮ ಕೀಪರ್ ಕಪ್ಪು ತೆಗೆದುಕೊಳ್ಳಲು ವೇದಿಕೆಗೆ ಹೋದವನು ಈರಯ್ಯ, ಕಪ್ಪಿನ ಮೇಲೆ ಕೆತ್ತಿದ್ದು ಅಣ್ಣು, ಆ ಕಪ್ಪು ಹೋಗಿ ಕೂತದ್ದು ಸ್ಟೋರಿನ ಕಪಾಟಿನಲ್ಲಿ. ನಿಜವಾದ ಅಣ್ಣು ಪೇಪರಿನ ತುಂಡುಗಳನ್ನು ಕತ್ತರಿಸಿ ಊರಿಗೆ ಕಳಿಸುತ್ತಿದ್ದ. ಅವನಿಗೆ ಹೆಣ್ಣು ಕೊಟ್ಟವರು ಅಳಿಯ ಗಲ್ಫಿನಲ್ಲಿ ದೊಡ್ಡ ಆಟಗಾರ ಎಂದು ಬೀಗಿದರಂತೆ. ಇದನ್ನು ಲೆಸ್ಲಿ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ನಾಚಿಕೆ ಇಲ್ಲದವರು, ಇನ್ನೊಬ್ಬನ ಬೆರಳು ಮುರಿಸಿ ಮದುವೆ ಊಟ ಉಂಡವರು.

ಒಂದು ಸಂಜೆ ಸೂಕ್ ವಾಕಿಫ್ ಎಂಬ ಹಳೇ ಪೇಟೆಯ ಚಹದ ಅಂಗಡಿಯ ಮುಂದೆ ಈರಯ್ಯ ಸಿಕ್ಕಿದ. ಅವ್ವನಿಗೆ ಕಂಬಳಿ ಕೊಳ್ಳಲು ಬಂದಿದ್ದ. ಎಷ್ಟು ದಿನ ಹೀಗೆ ಆಡುತ್ತೀಯಾ ಎಂದು ಕೇಳಿದೆ. ಆಗ ಅವನು ತನ್ನ ಲೆಕ್ಕಾಚಾರ ಹೇಳಿದ. ಟೀಮು ಎ ಡಿವಿಜನ್ನಿಗೆ ಏರಿದರೆ ವಿಜಯಕುಮಾರ ಸಾಹೇಬರು ಅವನ ವೀಸಾವನ್ನು ತಮ್ಮ ಕಂಪೆನಿಗೆ ಬದಲಿಸಿಕೊಡುತ್ತಾರೆ. ಆಗ ಅವನು ಅವನ ಹೆಸರಿನಲ್ಲೇ ಆಡಬಹುದು. ಅವನ ಹೆಸರಿನಲ್ಲಿ ಆಡಿದರೆ ಬಹ್ರೈನ್‌ಗೆ ಹೋಗುವ ದೋಹಾ ಟೀಮಿಗೆ ಆರಿಸುತ್ತಾರೆ. ಆ ಟೀಮಿನಲ್ಲಿ ಆಡಿದವರನ್ನು ಗ್ಯಾಸ್ ಕೆಲಸದ ದೊಡ್ಡ ಕಂಪೆನಿಯವರು ತಮ್ಮ ಟೀಮಿಗೆಂದೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಆಫೀಸಿನಲ್ಲಿ ಕೂರಿಸುತ್ತಾರೆ, ಮಧ್ಯಾಹ್ನ ನೆಟ್ಸಿಗೆ ಬಿಡುತ್ತಾರೆ. ಹಾಗೆ ಹೋದವರು ಇದ್ದರು, ಸುಳ್ಳಲ್ಲ. ಈರಯ್ಯನ ಜೊತೆ ಅಟ್ಟಣಿಗೆ ಕಟ್ಟುತ್ತಿದ್ದ ಒಬ್ಬ ಹಿಂದಿನ ಬೇಸಿಗೆಯಲ್ಲಿ ತಲೆ ತಿರುಗಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನನ್ನು ಹೊರಳಿಸಿ ಮಲಗಿಸಿದವಳು ನಾನೇ. ಆ ಅಟ್ಟಣಿಗೆಯಿಂದ ಇಳಿಯಲು ಈರಯ್ಯನಿಗಿದ್ದದ್ದು ಒಂದೇ ಏಣಿ, ಆ ಜೋಡಿ ಗ್ಲೌಸು.

ಬೇರೆಯವನ ಹೆಸರಿಗೆ ಓಗೊಡಲು ನಿನಗೆ ಬೇಸರವಾಗುವುದಿಲ್ಲವೇ ಎಂದೆ. ಅವನು ನಕ್ಕ.

“ಚೆಂಡಿಗೆ ಯಾರ ಹೆಸರೂ ಗೊತ್ತಿರೂದಿಲ್ರೀ ಅಕ್ಕಾರ.”

“ಚೆಂಡಿಗೆ ಗೊತ್ತಿರುವುದು ಬೇಡ ಮಾರಾಯ,” ಎಂದೆ. “ನಿಂಗೆ ಗೊತ್ತಿದ್ರೆ ಸಾಕು.”

ಬಿ ಡಿವಿಜನ್ ಗೆದ್ದರು. ವೀಸಾ ಮುಂದಿನ ಸೀಸನ್ನಿಗೆ ಎಂದ ವಿಜಯಕುಮಾರ. ಬೇಸಿಗೆ ಕಳೆಯಿತು, ಎ ಡಿವಿಜನ್ನಿನ ಮೊದಲ ವರ್ಷ ಬಂತು. ಜನರಲ್ ಮ್ಯಾನೇಜರು ರಜೆಯಲ್ಲಿದ್ದಾರೆ, ಈಗ ಆಗುವುದಿಲ್ಲ ಎಂದ. ಆಮೇಲೆ, ಆಳು ಕಂಪೆನಿಯವರು ಬಿಡುಗಡೆ ಕೊಡುತ್ತಿಲ್ಲ ಎಂದ. ಆಳು ಕಂಪೆನಿಯವರನ್ನು ಇವನು ಕೇಳಿಯೇ ಇರಲಿಲ್ಲ ಎಂದು ನನಗೆ ಲೆಸ್ಲಿಯಿಂದ ತಿಳಿಯಿತು. ಯಾಕೆ ಕೇಳುತ್ತಾನೆ? ಅಣ್ಣುವಿನ ಬತಾಕ ಜೇಬಿನಲ್ಲಿರುವಾಗ ಅವನಿಗೆ ಕೀಪರು ಪುಕ್ಕಟೆ ಸಿಕ್ಕಿದ್ದ. ತಮ್ಮ, ತಮ್ಮ ಎಂದು ಹೆಗಲ ಮೇಲೆ ಕೈ ಹಾಕುತ್ತಿದ್ದ. ನಮ್ಮ ಕಡೆಯ ಹುಡುಗ, ನಾನು ಕೈಬಿಡುತ್ತೀನಾ ಎಂದು ನನ್ನ ಮುಂದೆಯೇ ಹೇಳಿದ್ದ. ಇಂಥ ಮಾತಿಗೆ ತೆರಿಗೆ ಹಾಕಿದರೆ ಕೆಲವರು ಬಾಯಿ ತೆರೆಯುವ ಮುಂಚೆ ಯೋಚಿಸುತ್ತಿದ್ದರೇನೋ.

ತೊಂಬತ್ತಾರರ ಚಳಿಗಾಲದಲ್ಲಿ ಬಹ್ರೈನ್ ಟೀಮಿನ ಆಯ್ಕೆ. ಆ ಸೀಸನ್ನಿನಲ್ಲಿ ಈರಯ್ಯನಂಥ ಕೀಪರು ಇನ್ನೊಬ್ಬನಿಲ್ಲ ಎಂದು ಎದುರಾಳಿ ಟೀಮಿನವರೇ ಒಪ್ಪಿದ್ದರು. ಕಮಿಟಿಯ ಮೀಟಿಂಗ್ ಮುಗಿಸಿ ಲೆಸ್ಲಿ ಮನೆಗೆ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಕೀಪರ್ ಯಾರು ಎಂದೆ. ಅವನು ಬೂಟು ಬಿಚ್ಚುತ್ತಾ ಕೂತ. ಮತ್ತೆ ಕೇಳಿದೆ. ಅಣ್ಣು ಎಂದ.

ನನ್ನ ಮೈ ಉರಿದುಹೋಯಿತು. ಯಾವ ಅಣ್ಣು ಎಂದು ಕಿರುಚಿದೆ. ಲೆಸ್ಲಿ ಕೈ ಆಡಿಸಿ ವಿವರಿಸಿದ. ವಿಮಾನ ನಿಲ್ದಾಣದಲ್ಲಿ ಮೀಸೆ ನೋಡಿ ಬಿಡುವುದಿಲ್ಲ, ಪಾಸ್‌ಪೋರ್ಟ್ ನೋಡುತ್ತಾರೆ. ಆರಿಸಿದ ಹೆಸರು ಅಣ್ಣು, ಪಾಸ್‌ಪೋರ್ಟ್ ಇರುವವನೂ ಅಣ್ಣು. ಕಾಗದದ ಮೇಲೆ ಈರಯ್ಯ ಎಂಬವನು ಲೀಗಿನಲ್ಲಿ ಒಂದು ಚೆಂಡೂ ಆಡಿಲ್ಲ, ಇಷ್ಟು ಆಡಿದ ಅಣ್ಣುವನ್ನು ಬಿಟ್ಟರೆ ಯಾಕೆಂದು ಎಲ್ಲರೂ ಕೇಳುತ್ತಾರೆ. ಹಾಗಾದರೆ ಕಮಿಟಿಯ ಮುಂದೆ ನಿಜ ಹೇಳಿ ಹೆಸರು ಬದಲಿಸಿ ಎಂದೆ. ಬದಲಿಸಿದರೆ ಮೂರು ವರ್ಷ ಕಳ್ಳ ಬತಾಕದಲ್ಲಿ ಆಡಿಸಿದ್ದು ಬಯಲಾಗುತ್ತದೆ, ವಿಜಯಕುಮಾರನ ಟೀಮು ಸಿ ಡಿವಿಜನ್ನಿಗೆ ಬೀಳುತ್ತದೆ, ಅದರ ಹಿಂದೆ ಉಳಿದ ಟೀಮುಗಳ ಬಣ್ಣವೂ ಬಯಲಾಗುತ್ತದೆ, ಲೀಗೇ ಖಲಾಸ್ ಎಂದ. ಕಮಿಟಿಯಲ್ಲಿ ಕೂತವರೆಲ್ಲರಿಗೂ ಗೊತ್ತಿತ್ತಂತೆ. ಎಲ್ಲರೂ ಚಹ ಕುಡಿದು ಕೈ ಎತ್ತಿದರಂತೆ. ನೀನೂ ಎತ್ತಿದೆಯಾ ಎಂದು ಕೇಳಿದೆ. ಎತ್ತಿದ್ದ. ಆ ವಾರ ನಾನು ಅವನಿಗೆ ಅನ್ನ ಬಡಿಸಲಿಲ್ಲ, ಪಾತ್ರೆ ತೋರಿಸಿದೆ.

ಆದರೆ ಅಣ್ಣು ಬಹ್ರೈನ್‌ಗೆ ಹೋಗಿ ಮಾಡುವುದೇನು? ಎದುರಿನಿಂದ ಚೆಂಡು ಬಂದರೆ ಕಣ್ಣು ಮುಚ್ಚುವ ಮನುಷ್ಯ. ಅದಕ್ಕೂ ವಿಜಯಕುಮಾರನ ತಲೆಯಲ್ಲಿ ಉಪಾಯವಿತ್ತು. ಹೊರಡುವ ಮುಂಚಿನ ದಿನ ನನ್ನ ಪ್ಲಾಸ್ಟರ್ ರೂಮಿಗೆ ಮೂವರು ಬಂದರು. ಮುಂದೆ ವಿಜಯಕುಮಾರ, ಅವನ ಹಿಂದೆ ಹೊಸ ಬ್ಲೇಜರ್ ತೊಟ್ಟ ಅಣ್ಣು, ಕೊನೆಯಲ್ಲಿ ಸೈಟಿನ ಧೂಳು ಮೈಯಲ್ಲೇ ಇದ್ದ ಈರಯ್ಯ. ಅಣ್ಣುವನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೆಟ್ಟವನ ಹಾಗೆ ಕಾಣಲಿಲ್ಲ, ಅದೂ ನನಗೆ ಸಿಟ್ಟು ಬರಿಸಿತು.

“ಸಿಸ್ಟರ್, ಒಂದು ಸಣ್ಣ ಹೆಲ್ಪ್ ಆಗಬೇಕ್ರಿ,” ಎಂದ ವಿಜಯಕುಮಾರ. ಅಣ್ಣುವಿನ ಬೆರಳಿಗೆ ಒಂದು ಪ್ಲಾಸ್ಟರ್ ಹಾಕಿಕೊಡಬೇಕು. ಪ್ರಾಕ್ಟೀಸಿನಲ್ಲಿ ಏಟಾಯಿತು ಎಂದರೆ ಆಯಿತು. ಆರಿಸಿದವನು ಹೋಗದಿದ್ದರೆ ಪ್ರಶ್ನೆ ಏಳುತ್ತದೆ. ಹೋಗಿ ಬೆಂಚಿನಲ್ಲಿ ಕೂತು ಬರುತ್ತಾನೆ, ಆಡುವವನು ಇನ್ನೊಬ್ಬ ಕೀಪರು. ಯಾರಿಗೂ ತೊಂದರೆ ಇಲ್ಲ.

ಯಾರಿಗೂ ತೊಂದರೆ ಇಲ್ಲವಂತೆ. ಅಣ್ಣು ಎಡಗೈ ಮುಂದೆ ಚಾಚಿದ. ಗೀರೂ ಇಲ್ಲದ ಬೆರಳು, ನೀಟಾಗಿ ಕತ್ತರಿಸಿದ ಉಗುರು. ಈ ಕೈಯ ಹೆಸರು ಕಪ್ಪಿನ ಮೇಲಿದೆ, ಪೇಪರಿನಲ್ಲಿದೆ, ನಾಳೆ ವಿಮಾನದ ಟಿಕೆಟಿನಲ್ಲೂ ಇರುತ್ತದೆ ಎನಿಸಿತು.

“ಮುರಿಯದ ಬೆರಳಿಗೆ ಪ್ಲಾಸ್ಟರ್ ಹಾಕ್ಲಿಕ್ಕೆ ನಂಗೆ ಯಾರೂ ಕಲಿಸ್ಲಿಲ್ಲ,” ಎಂದೆ. “ನಡೀರಿ ಹೊರಗೆ.”

ಆಗ ವಿಜಯಕುಮಾರ ಹಿಂದಕ್ಕೆ ತಿರುಗಿ ಈರಯ್ಯನನ್ನು ನೋಡಿದ. ಅವನನ್ನು ಯಾಕೆ ಕರೆತಂದಿದ್ದಾನೆ ಎಂದು ನನಗೆ ಆಗ ಹೊಳೆಯಿತು. ನಾನು ಯಾರ ಮಾತು ಕೇಳುತ್ತೇನೆ ಎಂದು ಆ ಮನುಷ್ಯನಿಗೆ ಗೊತ್ತಿತ್ತು.

“ಹಾಕಿಬಿಡ್ರೀ ಅಕ್ಕಾರ,” ಎಂದ ಈರಯ್ಯ. ನೆಲ ನೋಡುತ್ತಿದ್ದ. “ಇದು ಹೊರಗ ಬಿದ್ರ ನನ್ನ ಊರಿಗೆ ಕಳಸ್ತಾರ್ರೀ. ಮುಂದಿನ ಸೀಸನ್ನಿಗೆ ವೀಸಾ ಮಾಡಸ್ತೀನಿ ಅಂದಾರ. ನನ್ನ ಸಲುವಾಗಿ ಹಾಕಿಬಿಡ್ರಿ.”

ಕೈಯಲ್ಲಿ ಪ್ಲಾಸ್ಟರಿನ ಉರುಳೆ ಇತ್ತು, ಇನ್ನೂ ನೆನೆಸದ್ದು, ಗಟ್ಟಿ. ಎಸೆದೆ. ಅಣ್ಣುವಿನ ಮುಖಕ್ಕೇ ಗುರಿಯಿಟ್ಟೆ, ಸುಳ್ಳು ಯಾಕೆ ಹೇಳಲಿ. ಅವನು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಕುಕ್ಕರಿಸಿದ. ಅವನ ಹಿಂದೆ, ಗೋಡೆಗೆ ಗೇಣಿನ ದೂರದಲ್ಲಿ, ಒಂದು ಕೈ ಚಾಚಿ ಬಂದು ಉರುಳೆಯನ್ನು ಹಿಡಿಯಿತು. ನಾನೇ ಎಳೆದು ಕೂರಿಸಿದ್ದ ಆ ಸೊಟ್ಟ ಬೆರಳಿನ ಕೈ. ಈರಯ್ಯ ತಲೆ ಎತ್ತಿಯೂ ಇರಲಿಲ್ಲ. ಹಿಡಿದದ್ದು ಗೊತ್ತಾದ ಮೇಲೆ, ತಪ್ಪು ಮಾಡಿದವನ ಹಾಗೆ ಅದನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟ.

ಮುರಿದ ಬೆರಳು ಯಾರದ್ದೋ ಅವನಿಗೆ ಹಾಕಿಯಾಗಿದೆ, ಇನ್ನು ನನ್ನ ಹತ್ತಿರ ಪ್ಲಾಸ್ಟರ್ ಇಲ್ಲ ಎಂದೆ. ಅವರು ಹೋದರು. ಬಾಗಿಲು ಹಾಕಿಕೊಂಡು ನಾನು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ ಬೇರೆ ದಾರಿ ಸಿಗದೆ.

ನಾನು ಹಾಕದಿದ್ದರೇನು? ಎಲ್ಲೋ ಬಟ್ಟೆ ಸುತ್ತಿಸಿಕೊಂಡು ಅಣ್ಣು ಬಹ್ರೈನ್‌ಗೆ ಹೋಗಿಬಂದ. ಟೀಮಿನ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಾನೆ, ಸುತ್ತಿದ ಬೆರಳನ್ನು ಮೊಣಕಾಲ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು. ಗ್ಯಾಸ್ ಕೆಲಸದ ದೊಡ್ಡ ಕಂಪೆನಿಯವರು ಆ ಸೀಸನ್ನಿನ ಸ್ಕೋರುಗಳನ್ನು ನೋಡಿ ಅವನನ್ನು ಕರೆದು ಕೆಲಸ ಕೊಟ್ಟರು. ಏಸಿ ಆಫೀಸು, ಕುರ್ಚಿ, ಕುಟುಂಬದ ವೀಸಾ. ಬೆರಳು ಮೊದಲಿನ ಹಾಗೆ ಆಗಲೇ ಇಲ್ಲ ಎಂದು ಅವನು ಅವರಿಗೆ ಹೇಳಿದ. ಪಾಪ ಒಳ್ಳೆಯ ಕೀಪರು, ಕೈ ಹೋಯಿತು ಎಂದು ಮರುಗಿ ಅವರು ಅವನನ್ನು ತಮ್ಮ ಟೀಮಿನ ಮ್ಯಾನೇಜರು ಮಾಡಿದರು. ಶುಕ್ರವಾರ ಬಂದು ಕೊಡೆಯ ಕೆಳಗೆ ಕೂತು ಹುಡುಗರಿಗೆ ಕೀಪಿಂಗ್ ಹೇಳಿಕೊಡುತ್ತಾನೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅವನು ಕಂಪೆನಿ ಬಿಟ್ಟದ್ದರಿಂದ ಅವನ ಬತಾಕವೂ ಹೋಯಿತು. ಈಗಲಾದರೂ ಈರಯ್ಯನಿಗೆ ವೀಸಾ ಮಾಡಿಸುತ್ತಾರೆ, ಬೇರೆ ದಾರಿಯಿಲ್ಲವಲ್ಲ ಎಂದು ನಾನು ಅಂದುಕೊಂಡೆ. ಲೆಸ್ಲಿಯ ಹತ್ತಿರವೂ ಹೇಳಿದೆ. ಅವನು ಟೀವಿ ದೊಡ್ಡದು ಮಾಡಿದ. ಅವನು ಟೀವಿ ದೊಡ್ಡದು ಮಾಡಿದರೆ ಏನೋ ಇದೆ ಎಂದು ನಾನು ತಿಳಿಯಬೇಕಿತ್ತು.

ತೊಂಬತ್ತೇಳರ ಸೀಸನ್ ಶುರುವಾಗಿ ಕೆಲವು ವಾರ ನನಗೆ ಶುಕ್ರವಾರ ಡ್ಯೂಟಿ ಇತ್ತು. ಬಿಡುವಾದ ಮೊದಲ ಶುಕ್ರವಾರ ಮೈದಾನಕ್ಕೆ ಹೋದೆ. ಬಿಸಿಲು ಇನ್ನೂ ಇಳಿದಿರಲಿಲ್ಲ. ಈರಯ್ಯ ಸ್ಟಂಪಿನ ಬುಡದಲ್ಲಿ ಕೂತಿದ್ದ, ಮೊದಲಿನ ಹಾಗೇ. ಕೆನ್ನೆ ಒಳಗೆ ಹೋಗಿತ್ತು, ಬೇಸಿಗೆಯಿಡೀ ಮೇಲೆ ಕೆಲಸ ಮಾಡಿದ ಮುಖ. ಮೀಸೆ ಇರಲಿಲ್ಲ. ಅದರ ಬದಲು ಗಡ್ಡವಿತ್ತು, ಅಂದವಾಗಿ ಕತ್ತರಿಸಿದ ಗಡ್ಡ. ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಒಬ್ಬ ಫೀಲ್ಡರು ಕೂಗಿದ, ಶಾಬಾಷ್ ಸಯೀದ್ ಭಾಯ್. ಸಯೀದ್ ಎಂದರೆ ಅದೇ ಕಂಪೆನಿಯ ಡ್ರೈವರು. ಅವನಿಗೆ ಗಡ್ಡವಿದೆ.

ಲೆಸ್ಲಿ ಆ ದಿನವೂ ಅಂಪಾಯರು. ಬೆಳಿಗ್ಗೆ ಆ ಬತಾಕ ನೋಡಿ ವಾಪಸು ಕೊಟ್ಟವನು ಅವನೇ.

ನಾನು ಗೆರೆಯ ಡಬ್ಬಗಳ ಹತ್ತಿರ ಹೋಗಿ ನಿಂತೆ. ಓವರು ಮುಗಿದಿತ್ತು, ಫೀಲ್ಡರುಗಳು ಜಾಗ ಬದಲಿಸುತ್ತಿದ್ದರು, ಈರಯ್ಯ ನನಗೆ ಬೆನ್ನು ಹಾಕಿ ಗ್ಲೌಸು ಸರಿಮಾಡಿಕೊಳ್ಳುತ್ತಿದ್ದ. ದೂರವೇನೂ ಇರಲಿಲ್ಲ. ಕರೆದೆ, ಈರಯ್ಯ. ಮೈದಾನದಲ್ಲಿ ಆ ಹೆಸರು ಕೂಗಿದರೆ ಯಾರಿಗೆ ಏನಾಗುತ್ತದೋ ಆಗಲಿ ಎನ್ನುವಷ್ಟು ಸಿಟ್ಟು ನನಗೆ. ವಿಜಯಕುಮಾರ ಗಾಬರಿಯಿಂದ ತಿರುಗಿದ. ಲೆಸ್ಲಿ ತಿರುಗಿದ. ಎದುರು ಟೀಮಿನ ಇಬ್ಬರು ತಿರುಗಿದರು. ಈರಯ್ಯ ಗ್ಲೌಸಿನ ಪಟ್ಟಿ ಬಿಗಿಯುತ್ತಿದ್ದ. ಇನ್ನೊಮ್ಮೆ ಕರೆದೆ. ಸ್ವರ ಎತ್ತಿ ಮತ್ತೊಮ್ಮೆ ಕರೆದೆ, ಪ್ಲಾಸ್ಟರ್ ರೂಮಿನ ಬಾಗಿಲಲ್ಲಿ ನಿಂತು ಕರೆಯುವ ಸ್ವರದಲ್ಲಿ. ಇಡೀ ಮೈದಾನ ನನ್ನನ್ನೇ ನೋಡುತ್ತಿತ್ತು, ಅವನೊಬ್ಬನನ್ನು ಬಿಟ್ಟು.

ಸ್ಲಿಪ್ಪಿನಲ್ಲಿ ನಿಂತಿದ್ದವನು ಮೆಲ್ಲಗೆ, ಸಯೀದ್ ಎಂದ. ಅವನು ತಕ್ಷಣ ತಿರುಗಿದ.

ನನ್ನನ್ನು ಕಂಡು ನಕ್ಕು ಗ್ಲೌಸಿನ ಕೈ ಎತ್ತಿ ಆಡಿಸಿದ. ನನಗೆ ಕೈ ಎತ್ತಲಾಗಲಿಲ್ಲ. ಯಲ್ಲಾ ಯಲ್ಲಾ, ನಡೀರಿ ನಡೀರಿ ಎಂದು ವಿಜಯಕುಮಾರ ಚಪ್ಪಾಳೆ ತಟ್ಟಿದ, ಲೆಸ್ಲಿ ಕೈ ಚಾಚಿ ಆಟ ಶುರುಮಾಡಿಸಿದ, ಈರಯ್ಯ ಮತ್ತೆ ಸ್ಟಂಪಿನ ಹಿಂದೆ ಕೂತ.